ಆವಿಷ್ಕಾರ ಒಬ್ಬರದು, ಫಲ ಯಾರದು?
ರೈಲು, ಟ್ಯಾಂಕ್ ಹಾಗೂ ಶಸ್ತ್ರಾಸ್ತ್ರ ಕ್ಷೇತ್ರದ ಆವಿಷ್ಕಾರಗಳಿಂದ ಸಣ್ಣ ಉದ್ಯಮಿಗಳು ಕಲಿಯಬೇಕಾದ ಪಾಠಗಳು

ಬೆಂಗಳೂರಿನ ಬಿ.ಇ.ಎಂ.ಎಲ್. 1964ರಲ್ಲಿ ಸ್ಥಾಪನೆಯಾದ ಸಂಸ್ಥೆ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆಯಿದೆ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಪೀಣ್ಯದಲ್ಲಿ ಯಂತ್ರಾಗಾರಗಳಿವೆ. ರೈಲ್ವೆ ಮತ್ತು ರಕ್ಷಣಾ ಇಲಾಖೆಗಳ ಬೇಡಿಕೆಯ ಒಂದು ಭಾಗ ಹಂತಹಂತವಾಗಿ ಇಳಿದು ನಮ್ಮ ರಾಜ್ಯದ ಸಣ್ಣ ಘಟಕಗಳನ್ನೂ ತಲುಪುತ್ತದೆ. ಹೆಚ್ಚಿನ ಘಟಕಗಳು ಖರೀದಿದಾರರು ಕೊಟ್ಟ ಡ್ರಾಯಿಂಗ್‌ಗೆ ಅನುಗುಣವಾಗಿ ಬಿಡಿಭಾಗ ತಯಾರಿಸಿಕೊಡುತ್ತವೆ. ಹೀಗೆ ತಯಾರಿಸುವಾಗಲೇ ಎಷ್ಟೋ ಸಲ ಹೊಸದೊಂದು ಉಪಾಯ ಹೊಳೆಯುತ್ತದೆ. ಅದು ಹೆಚ್ಚು ಬಾಳಿಕೆಯ ಸ್ಪ್ರಿಂಗ್ ಇರಬಹುದು, ಸೋರದ ಸೀಲ್ ಇರಬಹುದು, ಬಿರುಕು ಬಿಡದಂತೆ ಎರಕ ಹೊಯ್ಯುವ ವಿಧಾನವಿರಬಹುದು. ಆ ಉಪಾಯದ ಫಲ ಯಾರಿಗೆ ಸೇರುತ್ತದೆ ಎಂಬುದೇ ಈ ಲೇಖನದ ವಿಷಯ.

ಸಾಮಾನ್ಯ ಸರಕಿಗೆ ಸಾವಿರಾರು ಗ್ರಾಹಕರಿರುತ್ತಾರೆ. ಒಬ್ಬರು ಬೇಡವೆಂದರೆ ಇನ್ನೊಬ್ಬರು ಕೊಳ್ಳುತ್ತಾರೆ. ರೈಲು ಮತ್ತು ಶಸ್ತ್ರಾಸ್ತ್ರ ಕ್ಷೇತ್ರದ ರೀತಿ ಬೇರೆ. ಇಲ್ಲಿ ಕೊಳ್ಳುವವರು ಒಬ್ಬರು ಅಥವಾ ಕೆಲವೇ ಮಂದಿ. ನಿರ್ದಿಷ್ಟತೆ ಬರೆಯುವವರು, ಪರೀಕ್ಷೆ ನಡೆಸುವವರು, ಬೆಲೆ ನಿರ್ಧರಿಸುವವರು ಎಲ್ಲರೂ ಬಹುಮಟ್ಟಿಗೆ ಅವರೇ. ಆದ್ದರಿಂದ ಜಾಣತನದಷ್ಟೇ ಮುಖ್ಯವಾದದ್ದು ದಾಖಲೆ. ಉಪಾಯವನ್ನು ಯಾವ ದಿನಾಂಕದಂದು ಬರೆದಿಡಲಾಯಿತು, ಯಾರಿಗೆ ಯಾವ ಷರತ್ತಿನ ಮೇಲೆ ತಿಳಿಸಲಾಯಿತು ಎಂಬುದರ ಮೇಲೆಯೇ ಫಲ ನಿಂತಿದೆ. ಇತಿಹಾಸದ ಕೆಲವು ನಿದರ್ಶನಗಳಿಂದ ಇದು ಸ್ಪಷ್ಟವಾಗುತ್ತದೆ.

1. ಏರ್ ಬ್ರೇಕ್: ಒಂದು ಪೇಟೆಂಟ್ ಸಾಲದು

ಹಿಂದಿನ ಕಾಲದ ಅಮೆರಿಕದ ರೈಲುಗಳಲ್ಲಿ ಬ್ರೇಕ್‌ಮನ್‌ಗಳು ಬೋಗಿಯಿಂದ ಬೋಗಿಗೆ ಓಡಿ ಕೈಚಕ್ರ ತಿರುಗಿಸಿ ಬ್ರೇಕ್ ಹಾಕಬೇಕಿತ್ತು. ಸರಕು ಗಾಡಿಗಳಲ್ಲಿ ಈ ಓಟ ಛಾವಣಿಯ ಮೇಲೆಯೇ ನಡೆಯುತ್ತಿತ್ತು. ಜಾರಿ ಬಿದ್ದು ಸತ್ತವರು ಅನೇಕರು. 1869ರ ಏಪ್ರಿಲ್ 13ರಂದು ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ 22 ವರ್ಷದ ಯುವಕ ಏರ್ ಬ್ರೇಕ್‌ಗೆ ಪೇಟೆಂಟ್ ಪಡೆದ. ಎಂಜಿನ್‌ನಲ್ಲಿ ಒತ್ತಿದ ಗಾಳಿಯನ್ನು ಕೊಳವೆಯ ಮೂಲಕ ಪ್ರತಿ ಬೋಗಿಗೆ ಕಳುಹಿಸಿ ಬ್ರೇಕ್ ಹಿಡಿಸುವುದು ಅದರ ತತ್ತ್ವ. ಅದೇ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಅವನ ಕಂಪನಿಯೂ ಆರಂಭವಾಯಿತು.

ಈ ಏರ್ಪಾಟಿನಲ್ಲಿ ಒಂದು ದೊಡ್ಡ ದೋಷವಿತ್ತು. ಕೊಳವೆ ಒಡೆದರೆ ಅಥವಾ ರೈಲು ನಡುವೆ ತುಂಡಾದರೆ ಗಾಳಿ ಸೋರಿಹೋಗಿ ಬ್ರೇಕೇ ಇಲ್ಲದಂತಾಗುತ್ತಿತ್ತು. ಅಂದರೆ ಬ್ರೇಕ್ ಅತ್ಯಗತ್ಯವಾಗಿದ್ದ ಗಳಿಗೆಯಲ್ಲಿಯೇ ಅದು ಕೈಕೊಡುತ್ತಿತ್ತು. 1872ರಲ್ಲಿ ವೆಸ್ಟಿಂಗ್‌ಹೌಸ್ ತತ್ತ್ವವನ್ನೇ ತಿರುಗಿಸಿದ. ಪ್ರತಿ ಬೋಗಿಯಲ್ಲೂ ಒಂದು ಗಾಳಿಯ ತೊಟ್ಟಿ ಮತ್ತು ‘ಟ್ರಿಪಲ್ ವಾಲ್ವ್’ ಎಂಬ ಕವಾಟವನ್ನಿಟ್ಟ. ಕೊಳವೆಯಲ್ಲಿ ಒತ್ತಡವಿರುವವರೆಗೆ ಬ್ರೇಕ್ ಸಡಿಲವಾಗಿರುತ್ತದೆ. ಒತ್ತಡ ಇಳಿದೊಡನೆ ಕವಾಟವು ಬೋಗಿಯ ತೊಟ್ಟಿಯಲ್ಲಿರುವ ಗಾಳಿಯನ್ನು ಬ್ರೇಕ್ ಸಿಲಿಂಡರ್‌ಗೆ ಬಿಡುತ್ತದೆ. ಹೀಗಾಗಿ ಕೊಳವೆ ಒಡೆದರೆ ರೈಲು ತಾನಾಗಿ ನಿಲ್ಲುತ್ತದೆ. ಇಂದಿನ ರೈಲುಗಳ ಏರ್ ಬ್ರೇಕ್ ಕೂಡ ಈ ತತ್ತ್ವದ ಮೇಲೆಯೇ ನಡೆಯುತ್ತದೆ.

1886 ಮತ್ತು 1887ರಲ್ಲಿ ಅಯೋವಾ ಸಂಸ್ಥಾನದ ಬರ್ಲಿಂಗ್ಟನ್‌ನಲ್ಲಿ 50 ಬೋಗಿಗಳ ಸರಕು ರೈಲುಗಳ ಮೇಲೆ ಪರೀಕ್ಷೆಗಳು ನಡೆದವು. ಒತ್ತಡದ ಇಳಿತ ಕೊನೆಯ ಬೋಗಿಯನ್ನು ತಲುಪುವಷ್ಟರಲ್ಲಿ ಮುಂದಿನ ಬೋಗಿಗಳು ನಿಂತಿರುತ್ತಿದ್ದವು. ಹಿಂದಿನವು ಬಂದು ರಭಸದಿಂದ ಬಡಿಯುತ್ತಿದ್ದವು. ಪರೀಕ್ಷೆಯಲ್ಲಿ ಕಂಡ ದೋಷವನ್ನು ವೆಸ್ಟಿಂಗ್‌ಹೌಸ್ ಮುಚ್ಚಿಡಲಿಲ್ಲ. ಕವಾಟವನ್ನು ತಿದ್ದಿ, ಇನ್ನಷ್ಟು ಶೀಘ್ರವಾಗಿ ಕೆಲಸಮಾಡುವ ಹೊಸ ಮಾದರಿಯನ್ನು 1887ರಲ್ಲಿ ತಂದ.

ಇದರ ವ್ಯಾಪಾರಿ ಅರ್ಥವನ್ನು ಗಮನಿಸಬೇಕು. ಆಗ ಅಮೆರಿಕದಲ್ಲಿ ಪೇಟೆಂಟಿನ ಅವಧಿ 17 ವರ್ಷ. 1869ರ ಹಕ್ಕು 1886ಕ್ಕೆ ಮುಗಿಯಿತು. ಆದರೆ ಅಷ್ಟರಲ್ಲಿ ಮಾರುಕಟ್ಟೆಗೆ ಬೇಕಾದದ್ದು 1869ರ ಬ್ರೇಕ್ ಆಗಿರಲಿಲ್ಲ. ಮೊದಲ ಆವಿಷ್ಕಾರ ವ್ಯಾಪಾರದ ಬಾಗಿಲು ತೆರೆಯಿತು, ನಂತರದ ಸುಧಾರಣೆಗಳು ಅದನ್ನು ಉಳಿಸಿದವು.

2. ಕಪ್ಲರ್: ಬಿಟ್ಟುಕೊಟ್ಟು ಗಳಿಸಿದವನು

ಅದೇ ಕಾಲದಲ್ಲಿ ಬೋಗಿಗಳನ್ನು ಜೋಡಿಸಲು ಕಬ್ಬಿಣದ ಕೊಂಡಿ ಮತ್ತು ಮೊಳೆ ಬಳಕೆಯಲ್ಲಿದ್ದವು. ಕಾರ್ಮಿಕನು ಎರಡು ಬೋಗಿಗಳ ನಡುವೆ ನಿಂತು ಮೊಳೆ ಇಳಿಸಬೇಕಿತ್ತು. ಬೆರಳು ಕಳೆದುಕೊಂಡವರು, ಪ್ರಾಣ ಕಳೆದುಕೊಂಡವರು ಅಸಂಖ್ಯ. ವರ್ಜೀನಿಯಾದ ಇಲೈ ಜಾನಿ ಎಂಬಾತ ಎಂಜಿನಿಯರ್ ಅಲ್ಲ, ಜವಳಿ ಅಂಗಡಿಯೊಂದರ ಗುಮಾಸ್ತ. ಎರಡು ಕೈಗಳ ಬೆರಳುಗಳನ್ನು ಬಾಗಿಸಿ ಒಂದರೊಳಗೊಂದು ಸಿಕ್ಕಿಸಿದಂತೆ ತಾನಾಗಿ ಕೂಡಿಕೊಳ್ಳುವ ಕಪ್ಲರ್‌ಗೆ ಅವನು 1873ರಲ್ಲಿ ಪೇಟೆಂಟ್ ಪಡೆದ.

ವಸ್ತು ಉತ್ತಮವಾಗಿದ್ದರೂ ರೈಲು ಕಂಪನಿಗಳು ಹಿಂಜರಿದವು. ಒಂದು ಕಂಪನಿಯ ಬೋಗಿ ಇನ್ನೊಂದರ ಹಳಿಯ ಮೇಲೂ ಓಡಬೇಕಾದ್ದರಿಂದ ಎಲ್ಲರ ಕಪ್ಲರ್ ಒಂದೇ ಆಕಾರದ್ದಾಗಿರಬೇಕು. ಒಬ್ಬನ ಪೇಟೆಂಟಿಗೆ ಇಡೀ ದೇಶದ ರೈಲ್ವೆಯನ್ನು ಕಟ್ಟಿಹಾಕಲು ಯಾರೂ ಸಿದ್ಧರಿರಲಿಲ್ಲ. ಜಾನಿಯು ಕಪ್ಲರ್‌ಗಳು ಪರಸ್ಪರ ಕೂಡುವ ಬಾಹ್ಯರೇಖೆಯ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟ. ಬೋಗಿ ತಯಾರಕರ ಸಂಘವು 1880ರ ದಶಕದ ಕೊನೆಯಲ್ಲಿ ಆ ಆಕಾರವನ್ನು ಪ್ರಮಾಣವೆಂದು ಅಂಗೀಕರಿಸಿತು. 1893ರಲ್ಲಿ ಅಮೆರಿಕದ ಸಂಸತ್ತು ಅಂತರ ಸಂಸ್ಥಾನ ರೈಲುಗಳಿಗೆ ಸ್ವಯಂಚಾಲಿತ ಕಪ್ಲರ್ ಮತ್ತು ಎಂಜಿನ್‌ನಿಂದಲೇ ನಿಯಂತ್ರಿಸುವ ಬ್ರೇಕ್‌ಗಳನ್ನು ಕಡ್ಡಾಯಗೊಳಿಸಿತು. ನಮ್ಮ ಸರಕು ವ್ಯಾಗನ್‌ಗಳಲ್ಲಿ ಕಾಣುವ ನಡು ಕಪ್ಲರ್ ಕೂಡ ಇದೇ ವಂಶದ್ದು.

ರೈಲ್ವೆಗೆ ಮಾರುವವರು ಇದನ್ನು ನೆನಪಿಡಬೇಕು. ಪ್ರಮಾಣಿತ ಮಾದರಿಗೆ ಹೊಂದದ ಆವಿಷ್ಕಾರ ಎಷ್ಟೇ ಜಾಣ್ಮೆಯದಾದರೂ ಗೋದಾಮಿನಲ್ಲೇ ಉಳಿಯುತ್ತದೆ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಚನೆಯೂ ವ್ಯಾಪಾರವೇ.

3. ಟ್ಯಾಂಕ್: ಒಕ್ಕಣೆ ಯಂತ್ರದವರು ಮತ್ತು ಮರೆತುಹೋದ ಕಡತ

ಟ್ಯಾಂಕ್ ಹುಟ್ಟಿದ್ದು ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಲ್ಲ. ಇಂಗ್ಲೆಂಡಿನ ಲಿಂಕನ್ ಪಟ್ಟಣದ ವಿಲಿಯಂ ಫಾಸ್ಟರ್ ಕಂಪನಿ ಒಕ್ಕಣೆ ಯಂತ್ರ ಮೊದಲಾದ ಕೃಷಿ ಉಪಕರಣಗಳ ತಯಾರಕ ಸಂಸ್ಥೆ. ಕಂದಕ ದಾಟಬಲ್ಲ ವಾಹನಕ್ಕಾಗಿ 1915ರ ಫೆಬ್ರವರಿಯಲ್ಲಿ ಬ್ರಿಟಿಷ್ ನೌಕಾ ಇಲಾಖೆ ಸಮಿತಿಯೊಂದನ್ನು ರಚಿಸಿತು. ಕೆಲಸ ಫಾಸ್ಟರ್ ಕಂಪನಿಯ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ಅವರಿಗೆ ಬಂತು. ಅಮೆರಿಕದಿಂದ ತರಿಸಿದ ಚೈನ್ ಪಟ್ಟಿಗಳು ಭಾರ ತಾಳಲಿಲ್ಲ. 1915ರ ಸೆಪ್ಟೆಂಬರ್‌ನಲ್ಲಿ ಟ್ರಿಟನ್ ಒತ್ತಿ ರೂಪಿಸಿದ ಉಕ್ಕಿನ ಫಲಕಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಸಮಸ್ಯೆ ಬಗೆಹರಿಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಟ್ಯಾಂಕ್ ಮೊದಲ ಬಾರಿಗೆ ಯುದ್ಧಕ್ಕಿಳಿಯಿತು.

ಯುದ್ಧ ಮುಗಿದ ಮೇಲೆ ಆವಿಷ್ಕಾರಕರ ಹಕ್ಕುಗಳನ್ನು ವಿಚಾರಿಸಲು ನೇಮಕವಾದ ರಾಯಲ್ ಕಮಿಷನ್ ಟ್ರಿಟನ್ ಮತ್ತು ವಿಲ್ಸನ್ ಅವರಿಗೆ 15,000 ಪೌಂಡ್ ನೀಡಿತು. ಅದೇ ಕಮಿಷನ್ ಮುಂದೆ ಲ್ಯಾನ್ಸಲಾಟ್ ಡಿ ಮೋಲ್ ಎಂಬ ಆಸ್ಟ್ರೇಲಿಯಾದ ಎಂಜಿನಿಯರ್ ಕೂಡ ಬಂದಿದ್ದ. ಅವನು 1912ರಲ್ಲಿಯೇ ಚೈನ್ ಪಟ್ಟಿಯ ಕವಚ ವಾಹನದ ನಕ್ಷೆಯನ್ನು ಬ್ರಿಟಿಷ್ ಯುದ್ಧ ಇಲಾಖೆಗೆ ಕಳುಹಿಸಿದ್ದ. ಅವನ ವಿನ್ಯಾಸ ಕೆಲವು ವಿಷಯಗಳಲ್ಲಿ ಬಳಕೆಗೆ ಬಂದ ಟ್ಯಾಂಕನ್ನೂ ಮೀರಿಸಿತ್ತೆಂದು ಕಮಿಷನ್ ಒಪ್ಪಿತು. ಆದರೂ ಟ್ಯಾಂಕ್ ತಯಾರಿಸಿದವರು ಅವನ ನಕ್ಷೆಯನ್ನು ಬಳಸಿಕೊಂಡಿರಲಿಲ್ಲವಾದ್ದರಿಂದ ಅವನಿಗೆ ಬಹುಮಾನದ ಹಕ್ಕಿಲ್ಲವೆಂದು ತೀರ್ಮಾನವಾಯಿತು. ಕೈಯಿಂದ ಖರ್ಚು ಮಾಡಿದ್ದಕ್ಕೆ 987 ಪೌಂಡ್ ಮಾತ್ರ ದೊರೆಯಿತು.

ಕಮಿಷನ್ ಕೇಳಿದ್ದು ‘ಮೊದಲು ಹೊಳೆದದ್ದು ಯಾರಿಗೆ’ ಎಂದಲ್ಲ. ‘ಸರ್ಕಾರ ಬಳಸಿದ್ದು ಈತ ತಿಳಿಸಿದ್ದರಿಂದಲೇ?’ ಎಂಬುದು ಅದರ ಪ್ರಶ್ನೆ. ಭಾರತದ ಕಾನೂನಿನಲ್ಲಿಯೂ ಈ ಪ್ರಶ್ನೆಗೆ ಸ್ಥಾನವಿದೆ.

ಲಿಂಕನ್‌ಶೈರ್‌ನದೇ ಆದ ಹಾರ್ನ್ಸ್‌ಬಿ ಕಂಪನಿ ಯುದ್ಧಕ್ಕೆ ಹಲವು ವರ್ಷ ಮೊದಲೇ ಚೈನ್ ಪಟ್ಟಿಯ ಟ್ರ್ಯಾಕ್ಟರ್ ತಯಾರಿಸಿ ಸೈನ್ಯಕ್ಕೆ ತೋರಿಸಿತ್ತು. ದೊಡ್ಡ ಬೇಡಿಕೆ ಬರಲಿಲ್ಲ. ಕಂಪನಿ ತನ್ನ ಪೇಟೆಂಟ್ ಹಕ್ಕನ್ನು ಅಮೆರಿಕದ ಹೋಲ್ಟ್ ಕಂಪನಿಗೆ ಮಾರಿತು. ಆಮೇಲೆ ಯುದ್ಧ ಬಂತು. ಒಂದೇ ಗಂಟಿನ ಹಣಕ್ಕೆ ಹಕ್ಕನ್ನು ಪೂರ್ತಿ ಮಾರುವುದಕ್ಕೂ, ರಾಯಧನದ ಮೇಲೆ ಪರವಾನಗಿ ಕೊಡುವುದಕ್ಕೂ ಇರುವ ಅಂತರವನ್ನು ಈ ನಿದರ್ಶನ ತೋರಿಸುತ್ತದೆ.

4. ಮೈಸೂರಿನ ರಾಕೆಟ್: ಹೆಸರು ಬೇರೆಯವರದಾಯಿತು

ಈ ಪಾಠ ನಮ್ಮ ನೆಲದಲ್ಲಿಯೂ ಇದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್‌ಗಳನ್ನು ಬಳಸುತ್ತಿತ್ತು. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುವುದರಿಂದ ರಾಕೆಟ್ ಹೆಚ್ಚು ದೂರ ಹಾರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳನ್ನು ಸುಧಾರಿಸಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದ ರಾಕೆಟ್‌ಗಳು ‘ಕಾಂಗ್ರೀವ್ ರಾಕೆಟ್’ ಎಂದೇ ಹೆಸರಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ವಸ್ತು ಉಳಿದಿತ್ತು, ಅದನ್ನು ರೂಪಿಸಿದ ಕಮ್ಮಾರರ ಹೆಸರು ಉಳಿದಿರಲಿಲ್ಲ.

5. ಭಾರತದ ಕಾನೂನು ಏನು ಹೇಳುತ್ತದೆ?

ಪೇಟೆಂಟ್ ಅಧಿನಿಯಮ, 1970ರ ಪ್ರಕಾರ ಪೇಟೆಂಟಿನ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ. ಕರ್ನಾಟಕದ ಅರ್ಜಿದಾರರಿಗೆ ಚೆನ್ನೈ ಕಚೇರಿ. ಈ ಕ್ಷೇತ್ರದ ಉದ್ಯಮಿಗಳು ಕೆಳಕಂಡ ಕಲಂಗಳನ್ನು ವಿಶೇಷವಾಗಿ ತಿಳಿದಿರಬೇಕು.

(ಅ) ತಾತ್ಕಾಲಿಕ ವಿವರಣೆ: ಯಂತ್ರ ಪೂರ್ಣ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ. ಕಲಂ 9ರ ಪ್ರಕಾರ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬಹುದು.

(ಆ) ಸರ್ಕಾರಕ್ಕೆ ತಿಳಿಸುವುದು: ಆವಿಷ್ಕಾರವನ್ನು ಸರ್ಕಾರಕ್ಕೆ ಅಥವಾ ಅದರ ಪರಿಶೀಲನೆಗೆ ಸರ್ಕಾರ ಅಧಿಕಾರ ಕೊಟ್ಟವರಿಗೆ ತಿಳಿಸಿದ ಮಾತ್ರಕ್ಕೆ ಅದರ ಹೊಸತನ ನಷ್ಟವಾಗದೆಂದು ಕಲಂ 30 ಹೇಳುತ್ತದೆ. ಆದರೆ ಈ ರಕ್ಷಣೆ ಖಾಸಗಿ ಗುತ್ತಿಗೆದಾರರಿಗೆ ಮಾದರಿ ತೋರಿಸಿದಾಗ ತಾನಾಗಿ ದೊರೆಯುವುದಿಲ್ಲ. ಅಂಥಲ್ಲಿ ಮೊದಲು ಗೋಪ್ಯತಾ ಕರಾರು ಆಗಿರಬೇಕು.

(ಇ) ಗೋಪ್ಯತಾ ನಿರ್ದೇಶನ: ರಕ್ಷಣೆಗೆ ಸಂಬಂಧಿಸಿದ ಆವಿಷ್ಕಾರವನ್ನು ಪ್ರಕಟಿಸದಂತೆ ಕಲಂ 35ರಡಿ ಆದೇಶಿಸಬಹುದು. ಆ ಆದೇಶವನ್ನು ಆರು ತಿಂಗಳಿಗೊಮ್ಮೆ ಪುನರ್ವಿಮರ್ಶೆ ಮಾಡಬೇಕು. ಅದು ಜಾರಿಯಲ್ಲಿರುವವರೆಗೆ ಅರ್ಜಿಯ ವಿಚಾರಣೆ ಮುಂದುವರಿದರೂ ಪೇಟೆಂಟ್ ಕೈಗೆ ಬರುವುದಿಲ್ಲ. ಆ ಅವಧಿಯಲ್ಲಿ ಸರ್ಕಾರ ಬಳಸಿದರೆ ಪೇಟೆಂಟ್ ದೊರೆತಿದ್ದಂತೆಯೇ ಭಾವಿಸಿ ಬಳಕೆಯ ಕಲಂಗಳು ಅನ್ವಯಿಸುತ್ತವೆ. ಅರ್ಜಿದಾರರಿಗೆ ಕಷ್ಟವಾಗಿದ್ದರೆ ಪರಿಹಾರ ಧನ ನೀಡಲೂ ಅವಕಾಶವಿದೆ.

(ಈ) ವಿದೇಶದಲ್ಲಿ ಅರ್ಜಿ: ಭಾರತದ ನಿವಾಸಿಯು ಮೊದಲು ಭಾರತದಲ್ಲಿ ಅರ್ಜಿ ಸಲ್ಲಿಸಿ ಆರು ವಾರ ಕಳೆಯುವ ಮುನ್ನ, ಪೂರ್ವಾನುಮತಿಯಿಲ್ಲದೆ ಹೊರದೇಶದಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕುವುದನ್ನು ಕಲಂ 39 ನಿಷೇಧಿಸುತ್ತದೆ. ರಕ್ಷಣಾ ವಿಷಯವಾದರೆ ಕೇಂದ್ರ ಸರ್ಕಾರದ ಸಮ್ಮತಿ ಬೇಕು. ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಉಂಟು. ಅಮೆರಿಕದ ವಾಲ್ಟರ್ ಕ್ರಿಸ್ಟಿ ಎಂಬ ಎಂಜಿನಿಯರ್ ಸ್ವದೇಶದ ಸೈನ್ಯದೊಂದಿಗೆ ಮುನಿಸಿಕೊಂಡು ತನ್ನ ವೇಗದ ಟ್ಯಾಂಕ್‌ಗಳನ್ನು 1930ರ ಸುಮಾರಿಗೆ ಸೋವಿಯತ್ ಒಕ್ಕೂಟಕ್ಕೆ ಮಾರಿದ. ಅವನ ಸ್ಪ್ರಿಂಗ್ ವ್ಯವಸ್ಥೆ ಮುಂದೆ ಹೆಸರಾಂತ ಟಿ-34 ಟ್ಯಾಂಕಿಗೂ ಬಂತು. ಅಂಥ ದಾರಿ ಇಂದು ಭಾರತದ ಉದ್ಯಮಿಗೆ ಮುಕ್ತವಿಲ್ಲ. ಸೈನಿಕ ಬಳಕೆಯ ವಸ್ತು ಮತ್ತು ತಂತ್ರಜ್ಞಾನದ ರಫ್ತಿಗೂ ಪರವಾನಗಿ ಬೇಕು.

(ಉ) ಸರ್ಕಾರದ ಬಳಕೆ: ಕಲಂ 99 ಮತ್ತು 100ರ ಪ್ರಕಾರ ಸರ್ಕಾರವಾಗಲಿ ಸರ್ಕಾರಿ ಉದ್ದಿಮೆಯಾಗಲಿ ಪೇಟೆಂಟನ್ನು ಬಳಸಿಕೊಳ್ಳಬಹುದು. ಪ್ರತಿಫಲವು ಬಳಕೆಯ ಆರ್ಥಿಕ ಮೌಲ್ಯಕ್ಕೆ ತಕ್ಕಂತೆ ಇರಬೇಕು. ಒಪ್ಪಂದವಾಗದಿದ್ದರೆ ಕಲಂ 103ರಡಿ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಅರ್ಜಿಯ ದಿನಾಂಕಕ್ಕೆ ಮುಂಚೆಯೇ ಆ ಆವಿಷ್ಕಾರವನ್ನು ಸರ್ಕಾರ ಸ್ವತಂತ್ರವಾಗಿ ದಾಖಲಿಸಿದ್ದರೆ ಅಥವಾ ಪರೀಕ್ಷಿಸಿದ್ದರೆ ರಾಯಧನವಿಲ್ಲ. ಉದ್ಯಮಿಯೇ ತಿಳಿಸಿದ್ದರಿಂದ ಸರ್ಕಾರ ಅದನ್ನು ದಾಖಲಿಸಿತ್ತಾದರೆ ಈ ವಿನಾಯಿತಿ ಸರ್ಕಾರಕ್ಕೆ ಸಿಗದು. ಡಿ ಮೋಲ್‌ನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ: ಯಾವ ದಿನ, ಯಾರಿಗೆ, ಯಾವ ಪತ್ರದ ಮೂಲಕ ತಿಳಿಸಲಾಯಿತು?

6. ಒಂದು ರೈಲ್ವೆ ಮೊಕದ್ದಮೆ

ದಾಖಲೆಯ ಕೊರತೆ ದೊಡ್ಡವರನ್ನೂ ಬಿಡುವುದಿಲ್ಲ. ಅಮೆರಿಕದ ಕೆಮ್ಟೂರಾ ಕಂಪನಿಯು ರೈಲು ವ್ಯಾಗನ್‌ಗಳ ಸೈಡ್ ಬೇರಿಂಗ್ ಪ್ಯಾಡ್‌ಗೆ ಭಾರತದಲ್ಲಿ ಪೇಟೆಂಟ್ ಹೊಂದಿತ್ತು. ವ್ಯಾಗನ್ನಿನ ಒಡಲು ಓಲಾಡಿದಾಗ ಬರುವ ಬಲವನ್ನು ಹೀರುವ ಭಾಗವಿದು. ರೈಲ್ವೆಗೆ ಬೇರೆ ಸಂಸ್ಥೆ ಇಂಥ ಪ್ಯಾಡ್ ಪೂರೈಸುವುದನ್ನು ಪ್ರಶ್ನಿಸಿ ಕಂಪನಿಯು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಮಧ್ಯಂತರ ತಡೆಯಾಜ್ಞೆ ಪಡೆಯಿತು. 2009ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ತಡೆಯಾಜ್ಞೆಯನ್ನು ತೆರವುಗೊಳಿಸಿತು. ಅದೇ ಆವಿಷ್ಕಾರಕ್ಕೆ ವಿದೇಶಗಳಲ್ಲಿ ಹಾಕಿದ ಅರ್ಜಿಗಳ ವಿವರವನ್ನು ಕಲಂ 8ರಂತೆ ಪೇಟೆಂಟ್ ಕಚೇರಿಗೆ ಸರಿಯಾಗಿ ಒದಗಿಸಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಪ್ಯಾಡ್‌ನ ಗುಣವೊಂದೇ ಮೊಕದ್ದಮೆಯನ್ನು ಕಾಯಲಿಲ್ಲ. 2024ರ ನಿಯಮ ತಿದ್ದುಪಡಿಯು ಈ ವಿವರ ಸಲ್ಲಿಸುವ ಕ್ರಮವನ್ನು ಸರಳಗೊಳಿಸಿದೆ, ಆದರೆ ಹೊಣೆ ಹಾಗೆಯೇ ಇದೆ.

7. ಲೆಕ್ಕಪತ್ರದಲ್ಲಿ ಆವಿಷ್ಕಾರ

ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ ಆಸ್ತಿಯೆಂದು ತೋರಿಸಬಹುದು. ಅದಕ್ಕೆ ತಾಂತ್ರಿಕ ಸಾಧ್ಯತೆ, ಪೂರ್ಣಗೊಳಿಸುವ ಉದ್ದೇಶ, ಬಳಸುವ ಅಥವಾ ಮಾರುವ ಸಾಮರ್ಥ್ಯ, ಭವಿಷ್ಯದ ಲಾಭ, ಸಾಕಷ್ಟು ಸಂಪನ್ಮೂಲ ಮತ್ತು ವೆಚ್ಚದ ಖಚಿತ ಅಳತೆ ಈ ಆರೂ ಇರಬೇಕು.

ಉದಾಹರಣೆಗೆ, ಒಂದು ಘಟಕ ಹೊಸ ಸೀಲ್‌ಗಾಗಿ 12 ಲಕ್ಷ ರೂ. ವೆಚ್ಚ ಮಾಡಿತೆಂದು ಭಾವಿಸೋಣ. ಸಾಧ್ಯತೆ ಖಚಿತವಾಗುವ ಮುಂಚಿನ 5 ಲಕ್ಷ ರೂ. ಲಾಭನಷ್ಟಕ್ಕೆ ಹೋಗುತ್ತದೆ. ನಂತರದ 7 ಲಕ್ಷ ರೂ. ಆಸ್ತಿಯಾಗುತ್ತದೆ. ಇದನ್ನು 10 ವರ್ಷಗಳಲ್ಲಿ ಸಮನಾಗಿ ಇಳಿಸಿದರೆ ವರ್ಷಕ್ಕೆ 70,000 ರೂ. ವೆಚ್ಚ. ಯಾವ ವೆಚ್ಚ ಯಾವ ಹಂತದ್ದೆಂದು ಆಗಿಂದಾಗಲೇ ಬರೆದಿಡದಿದ್ದರೆ 12 ಲಕ್ಷವೂ ಖರ್ಚಿನ ಖಾತೆ ಸೇರುತ್ತದೆ. ಒಮ್ಮೆ ಖರ್ಚೆಂದು ಬರೆದದ್ದನ್ನು ಮುಂದೆ ಆಸ್ತಿಯಾಗಿ ಎತ್ತಿಕೊಳ್ಳಲು ಬರುವುದಿಲ್ಲ. ಬ್ಯಾಂಕಿನ ಮುಂದೆ ಸಾಲಕ್ಕೆ ನಿಂತಾಗ ಈ ವ್ಯತ್ಯಾಸ ತಿಳಿಯುತ್ತದೆ.

ಭಾರತದಲ್ಲಿ ಅಭಿವೃದ್ಧಿಪಡಿಸಿ ನೋಂದಾಯಿಸಿದ ಪೇಟೆಂಟಿನ ರಾಯಧನಕ್ಕೆ ಶೇ. 10ರ ವಿಶೇಷ ತೆರಿಗೆ ದರವನ್ನು 2016ರ ಹಣಕಾಸು ಅಧಿನಿಯಮ ತಂದಿತು. ಇದು ಪರವಾನಗಿಯಿಂದ ಬರುವ ರಾಯಧನಕ್ಕೆ ಮಾತ್ರ. ಪೇಟೆಂಟ್ ಬಳಸಿ ತಾನೇ ತಯಾರಿಸಿ ಮಾರಿದ ಸರಕಿನ ಲಾಭಕ್ಕೆ ಅನ್ವಯಿಸದು. ಸಣ್ಣ ಉದ್ದಿಮೆಗಳಿಗೆ ಪೇಟೆಂಟ್ ಶುಲ್ಕದಲ್ಲಿಯೂ ರಿಯಾಯಿತಿ ಇದೆ. ನಮೂನೆ 28 ಸಲ್ಲಿಸಿದರೆ ದೊಡ್ಡ ಕಂಪನಿಗಳ ಅರ್ಜಿ ಶುಲ್ಕದ ಐದನೇ ಒಂದು ಭಾಗ ಸಾಕು.

8. ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಕಾರ್ಖಾನೆಯಲ್ಲಿ ಪುಟಸಂಖ್ಯೆ ಹಾಕಿದ ಒಂದು ಪುಸ್ತಕವಿರಲಿ. ಹೊಳೆದ ಉಪಾಯ, ನಕ್ಷೆ, ಪರೀಕ್ಷೆಯ ಫಲಿತಾಂಶ, ದಿನಾಂಕ ಮತ್ತು ಸಹಿ ಅದರಲ್ಲಿರಲಿ. ಎರಡನೆಯದಾಗಿ, ಮಾದರಿಯನ್ನು ಹೊರಗೆ ಕಳುಹಿಸುವ ಮುನ್ನ ತಾತ್ಕಾಲಿಕ ವಿವರಣೆ ಸಲ್ಲಿಕೆಯಾಗಿರಲಿ. ಮೂರನೆಯದಾಗಿ, ಪ್ರತಿ ಮಾದರಿಯೊಂದಿಗೆ ಪತ್ರವಿರಲಿ, ಅದು ತಲುಪಿದ್ದಕ್ಕೆ ಸ್ವೀಕೃತಿ ಇರಲಿ. ನಾಲ್ಕನೆಯದಾಗಿ, ಖರೀದಿ ಆದೇಶದ ಸಣ್ಣಕ್ಷರದ ಷರತ್ತುಗಳನ್ನು ಓದಬೇಕು. ಪೂರೈಕೆದಾರರು ಮಾಡಿದ ಸುಧಾರಣೆಗಳೆಲ್ಲ ಖರೀದಿದಾರರಿಗೆ ಸೇರತಕ್ಕದ್ದು ಎಂಬ ವಾಕ್ಯ ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಸಹಿ ಹಾಕಿದ ಮೇಲೆ ವಾದಿಸಿ ಪ್ರಯೋಜನವಿಲ್ಲ. ಐದನೆಯದಾಗಿ, ನೌಕರರು ಮಾಡಿದ ಆವಿಷ್ಕಾರದ ಹಕ್ಕು ಯಾರಿಗೆಂದು ನೇಮಕ ಪತ್ರದಲ್ಲಿಯೇ ಬರೆದಿರಲಿ, ಅವರಿಗೆ ನ್ಯಾಯವಾದ ಪ್ರತಿಫಲವೂ ಇರಲಿ.

ಅವಕಾಶಗಳೂ ಮೊದಲಿಗಿಂತ ಹೆಚ್ಚಿವೆ. ರಕ್ಷಣಾ ಇಲಾಖೆಯ ಐಡೆಕ್ಸ್ ಯೋಜನೆ 2018ರಲ್ಲಿ ಆರಂಭವಾಯಿತು. ರೈಲ್ವೆಯು 2022ರಲ್ಲಿ ನವೋದ್ಯಮಗಳಿಗಾಗಿ ಪ್ರಕಟಿಸಿದ ನೀತಿಯಲ್ಲಿ ವೆಚ್ಚವನ್ನು ಸಮನಾಗಿ ಹಂಚಿಕೊಳ್ಳುವ ಆಧಾರದ ಮೇಲೆ 1.5 ಕೋಟಿ ರೂ.ವರೆಗೆ ಅನುದಾನವಿದ್ದು, ಬೌದ್ಧಿಕ ಹಕ್ಕನ್ನು ಆವಿಷ್ಕಾರಕರಿಗೇ ಬಿಡಲಾಗಿದೆ. ಜಾನಿ ಗುಮಾಸ್ತನಾಗಿದ್ದ, ಫಾಸ್ಟರ್ ಕಂಪನಿ ಒಕ್ಕಣೆ ಯಂತ್ರ ಮಾಡುತ್ತಿತ್ತು. ಆವಿಷ್ಕಾರಕ್ಕೆ ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ಆದರೆ ಕಷ್ಟಪಟ್ಟು ಕಂಡುಹಿಡಿದದ್ದರ ಫಲ ಮನೆಗೆ ಬರಬೇಕಾದರೆ, ಲೇತ್ ಯಂತ್ರದ ಬಳಿ ತೋರುವ ನಿಖರತೆಯನ್ನು ಕಡತದಲ್ಲಿಯೂ ತೋರಿಸಬೇಕು.